ಕುಂಟ ಕೋಳಿ ಕೆಂಪಮ್ಮನ ಕರ್ತೃತ್ವ ವಿಚಾರ

ಎರಡು ಅಂಗಿಗಳು ಮುಂದೆ ನೇತಾಡುತ್ತಿದ್ದರೆ ಯಾವುದನ್ನು ತೊಡಬೇಕೆಂದು ನಾನು ಯೋಚಿಸುವುದಿಲ್ಲ. ಯೋಚನೆ ಎಂಬುದು ನನ್ನ ಕೈಯಲ್ಲಿ ಯಾವತ್ತೂ ಒಳ್ಳೆಯ ಫಲ ಕೊಟ್ಟಿಲ್ಲ. ಬಲಗೈಯ ತೋರುಬೆರಳು ತಾನಾಗಿ ಮೇಲೇಳುತ್ತದೆ, ಒಂದು ಅಂಗಿಯಿಂದ ಇನ್ನೊಂದಕ್ಕೆ ನೆಗೆಯುತ್ತದೆ, ಬಾಯಿ ತನ್ನಷ್ಟಕ್ಕೆ ತಾನು ಗುನುಗುತ್ತದೆ:

ಕುಂಟ ಕೋಳಿ ಕೆಂಪಮ್ಮ,
ಕಾಲು ಯಾಕೆ ಸೊಟ್ಟಮ್ಮ?
ಮೊಟ್ಟೆ ಎಲ್ಲಿ ಇಟ್ಟೆಮ್ಮ?
ಮೇಷ್ಟ್ರ ಟೋಪಿ ಒಳಗಮ್ಮ!
ನಾಳೆ ಹೊಸತೊಡಕಮ್ಮ,
ಓಡಮ್ಮ, ನೀ ಓಡಮ್ಮ!

ಕೊನೆಯ 'ಓಡಮ್ಮ' ಯಾವ ಅಂಗಿಯ ಮೇಲೆ ಬಿತ್ತೋ ಅದು ಆಟದಿಂದ ಹೊರಕ್ಕೆ. ಉಳಿದದ್ದು ನನ್ನ ಮೈಮೇಲಕ್ಕೆ. ತರಕಾರಿಯವನ ಮುಂದೆ ಎರಡು ಸೋರೆಕಾಯಿ ಇದ್ದರೂ ಇದೇ ಕ್ರಮ. ಮಗಳಿಗೆ ಎರಡು ಕಡೆಯಿಂದ ಗಂಡು ಬಂದಾಗಲೂ ಬೆರಳು ಎದ್ದಿತ್ತು. ನನ್ನಾಕೆ ಅದನ್ನು ನೆಂಟರ ಎದುರಿಗೇ ಹಿಡಿದು ಮಡಿಚಿದಳು. ಒಮ್ಮೆ ಮತಗಟ್ಟೆಯ ರಟ್ಟಿನ ಮರೆಯಲ್ಲಿ, ಕೈಯಲ್ಲಿ ಸೀಲು ಹಿಡಿದು, ಇದೇ ಹಾಡಿನ ಮಾರ್ಗದರ್ಶನದಲ್ಲಿ ನನ್ನ ಪವಿತ್ರ ಕರ್ತವ್ಯವನ್ನು ಪೂರೈಸಿ ಬಂದದ್ದುಂಟು. ಅದರಿಂದ ಪ್ರಜಾಪ್ರಭುತ್ವಕ್ಕೆ ವಿಶೇಷ ಹಾನಿಯಾದಂತೆ ಕಾಣಲಿಲ್ಲ.

ನೀವು ನಮ್ಮ ಕಡೆಯವರಾದರೆ, ಅಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕರ ಸುತ್ತಳತೆಯಲ್ಲಿ ಎಲ್ಲಾದರೂ ಮಂಡಿ ತರಚಿಕೊಂಡು ಬೆಳೆದವರಾದರೆ, ಈ ಹಾಡು ನಿಮಗೂ ಗೊತ್ತು. 'ಅಯ್ಯೋ, ಇದು ನಮ್ಮಜ್ಜಿ ಹೇಳ್ತಿದ್ದ ಹಾಡು' ಎಂದು ಈಗಾಗಲೇ ಅಂದಿರಲೂಬಹುದು. ಕ್ಷಮಿಸಬೇಕು. ನಿಮ್ಮಜ್ಜಿ ಹೇಳುತ್ತಿದ್ದರೆ ಅದನ್ನು ನಿಮ್ಮಿಂದ ಕಲಿತು ಹೇಳುತ್ತಿದ್ದರು. ಇದನ್ನು ಕಟ್ಟಿದವನು ನನ್ನ ಗೆಳೆಯ ಮಾಯಿಗೌಡ, ಪಾಂಡವಪುರದಾಚೆಯ ಒಂದು ಹಳ್ಳಿಯ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಇದಕ್ಕೆ ಇನ್ನೂ ಎರಡು ಸಾಲಿದೆ. ಅವನ್ನು ಬೇಕೆಂತಲೇ ಬಿಟ್ಟಿದ್ದೇನೆ. ಈ ಬರಹದ ವ್ಯಾಜ್ಯವೆಲ್ಲ ಆ ಎರಡು ಸಾಲಿನದು.

ನಾನೂ ಮಾಯಿಗೌಡನೂ ಮೇಷ್ಟ್ರ ಟ್ರೈನಿಂಗಿನಲ್ಲಿ ಒಂದೇ ಕೋಣೆಯಲ್ಲಿ ಚಾಪೆ ಹಾಸಿದವರು. ಆಮೇಲೆ ನಾನು ಪಂಡಿತ ಪರೀಕ್ಷೆ ಮುಗಿಸಿ, ನಾಗಮಂಗಲದ ಕಡೆ ದೇವಲಾಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ಸಂಧಿ ಸಮಾಸಗಳ ಭಯ ಹುಟ್ಟಿಸುವ ಕೆಲಸಕ್ಕೆ ಸೇರಿದೆ. ಅವನು ಒಂದನೇ ಕ್ಲಾಸಿನಲ್ಲೇ ಉಳಿದ. ನಾನು ಕವಿಯಾದೆ. ಅವನು ಮಕ್ಕಳ ಕವಿಯಾದ. ಈ ಎರಡರ ನಡುವಿನ ಅಂತರ ತಿಳಿಯಬೇಕಾದರೆ ನೀವು ಆ ಕಾಲದ ಒಂದು ಕವಿಗೋಷ್ಠಿಗೆ ಬಂದಿರಬೇಕಿತ್ತು. ಕವಿಗಳು ಊಟಕ್ಕೆ ಮೊದಲು ಓದುತ್ತಿದ್ದರು. ಮಕ್ಕಳ ಕವಿಯನ್ನು ಊಟವಾದ ಮೇಲೆ, ಶಾಮಿಯಾನದವನು ಗೂಟ ಕೀಳುವ ಹೊತ್ತಿಗೆ ಕರೆಯುತ್ತಿದ್ದರು. ಕವಿಗೆ ಶಾಲು, ಹಾರ. ಮಕ್ಕಳ ಕವಿಗೆ ಕವಿಗಳಿಗೆ ಹಾಕಿ ಮಿಕ್ಕ ಹಾರ. 'ಇನ್ನೂ ಯಾಕ್ರೀ ಮಕ್ಕಳ ಪದ್ಯ? ಸ್ವಲ್ಪ ಬೆಳೀರಿ' ಎಂದು ಹಿರಿಯರು ಅವನ ಬೆನ್ನು ತಟ್ಟಿದ್ದನ್ನು ನಾನೇ ನೋಡಿದ್ದೇನೆ. ಆಗ ಅವನ ತಲೆ ಅರ್ಧ ನರೆತಿತ್ತು.

ನನ್ನ ವಿಷಯಕ್ಕೆ ಬಂದರೆ, 'ಅನಂತದಂಗಳದ ಒಂಟಿ ಕಂಬ' ಎಂಬ ನನ್ನ ಏಕಮೇವ ಸಂಕಲನದ ಪ್ರತಿಗಳು ಇಂದಿಗೂ ಹೇರಳವಾಗಿ ಲಭ್ಯವಿವೆ. ಬಹಳ ಕಾಲ ಅವನ್ನು ಮದುವೆಗಳಲ್ಲಿ ಉಡುಗೊರೆಯಾಗಿ ಕೊಡುತ್ತಿದ್ದೆ. ಕ್ರಮೇಣ ನಮ್ಮನ್ನು ಮದುವೆಗಳಿಗೆ ಕರೆಯುವುದು ಕಡಿಮೆಯಾಯಿತು.

ಕೋಳಿಯ ವಿಚಾರಕ್ಕೆ ಬರುತ್ತೇನೆ. ಅದು ಕಾಲ್ಪನಿಕ ಕೋಳಿಯಲ್ಲ. ಮಾಯಿಗೌಡನ ಹಟ್ಟಿಯಲ್ಲಿ ಕೆಂಪು ಪುಕ್ಕದ ಒಂದು ಹೇಟೆ ಇತ್ತು. ಅದರ ಕಾಲು ಸೊಟ್ಟಗಾದದ್ದು ಮಾಯಿಗೌಡನ ಸೈಕಲ್ಲಿನ ಕೆಳಗೆ. ಅಂದಿನಿಂದ ಅವನಿಗೆ ಅದರ ಮೇಲೆ ಒಂದು ಬಗೆಯ ವಾತ್ಸಲ್ಯ. ಕೋಳಿಗೂ ಅವನ ಮೇಲೆ ಇದ್ದಿರಬೇಕು. ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಅವನು ಚಳಿಗಾಲ ಮುಗಿದ ಮೇಲೆ ತುರುಕಿಟ್ಟಿದ್ದ ಮಂಕಿ ಟೋಪಿಯೊಳಗೆ ಮೊಟ್ಟೆ ಇಡಲು ಶುರುಮಾಡಿತು. ಇದು ಮಾಯಿಗೌಡನಿಗೆ ಮಾತ್ರ ಗೊತ್ತು. ಅವನ ಹೆಂಡತಿ ಪುಟ್ಟತಾಯಮ್ಮನವರು ಅದು ಮೊಟ್ಟೆ ಇಡುವುದನ್ನೇ ನಿಲ್ಲಿಸಿದೆ ಎಂದು ತೀರ್ಮಾನಿಸಿ, ಯುಗಾದಿ ಹತ್ತಿರ ಬಂದಾಗ ಮರಣದಂಡನೆ ಘೋಷಿಸಿದರು. ನಮ್ಮ ಕಡೆ ಯುಗಾದಿಯ ದಿನ ಒಬ್ಬಟ್ಟು; ಮಾರನೆಯ ದಿನ ಹೊಸತೊಡಕು, ಅಂದು ಮಾಂಸದೂಟ. ಆ ದಿನ ಊರಿನ ಕೋಳಿಗಳ ಪೈಕಿ ಕುಂಟರು, ಮುದುಕರು, ಸೋಮಾರಿಗಳು ಯಾರೂ ಉಳಿಯುವುದಿಲ್ಲ.

ಮಾಯಿಗೌಡ ಹೆಂಡತಿಯ ಎದುರು ವಾದ ಮಾಡುವ ಗಂಡಸಲ್ಲ. ಒಬ್ಬಟ್ಟಿನ ದಿನ ಬೆಳಿಗ್ಗೆ ಈ ಹಾಡು ಕಟ್ಟಿ ಬೀದಿಯ ಮಕ್ಕಳಿಗೆ ಕಲಿಸಿ, ತನ್ನ ಮನೆಯ ಮುಂದೆಯೇ ಹಾಡಿಸಿದ. ಕಾವ್ಯದಿಂದ ಕಲ್ಲುಹೃದಯ ಕರಗುತ್ತದೆಂದು ನಮ್ಮಿಬ್ಬರಿಗೂ ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದರು. ಪುಟ್ಟತಾಯಮ್ಮನವರು ಒಬ್ಬಟ್ಟು ತಟ್ಟುತ್ತಾ ಹಾಡನ್ನು ಗಮನವಿಟ್ಟು ಕೇಳಿದರು. ಕೈ ಒರೆಸಿಕೊಂಡು ಎದ್ದರು. ನೇರವಾಗಿ ಕೊಟ್ಟಿಗೆಗೆ ಹೋಗಿ ಟೋಪಿ ಹುಡುಕಿ ಮೊಟ್ಟೆಗಳನ್ನು ಒಳಗೆ ತಂದರು. ಮಾರನೆಯ ದಿನ ಕೋಳಿಯನ್ನೂ ಕೊಯ್ದರು. ಕನ್ನಡದಲ್ಲಿ ಒಂದು ಕವಿತೆ ಇಷ್ಟು ಬೇಗ, ಇಷ್ಟು ಖಚಿತವಾಗಿ ಪರಿಣಾಮ ಬೀರಿದ ಇನ್ನೊಂದು ಉದಾಹರಣೆಯನ್ನು ನಾನು ಕಾಣೆ.

'ಕೋಳಿಗಾಗಿ ಅತ್ಯಾ?' ಎಂದು ಆಮೇಲೆ ಮಾಯಿಗೌಡನನ್ನು ಕೇಳಿದ್ದೆ.

'ಅತ್ತೆ ಕಣ್ಲಾ ಸುಬ್ಬಣ್ಣ. ಮುದ್ದೆ ಮುರೀತಾ ಮುರೀತಾ ಅತ್ತೆ.'

'ಸಾರು?'

'ಸಾರು ಬೋ ರುಚಿಯಾಗಿತ್ತು,' ಎಂದ. ಸುಳ್ಳು ಹೇಳುವ ಸ್ವಭಾವ ಅವನದಲ್ಲ.

ಕೋಳಿ ಹೋಯಿತು, ಹಾಡು ಓಡಿತು. ಮಕ್ಕಳು ಕಣ್ಣಾಮುಚ್ಚಾಲೆ ಆಡುವಾಗ ಯಾರು ಕಣ್ಣು ಮುಚ್ಚಿಕೊಳ್ಳಬೇಕೆಂದು ಎಣಿಸುವುದಕ್ಕೆ ಅದನ್ನು ಹಿಡಿದುಕೊಂಡರು. ಇಲ್ಲಿ ಮಾಯಿಗೌಡನ ಕಾವ್ಯಪ್ರಯೋಗದ ರೀತಿಯನ್ನು ಹೇಳಬೇಕು. ನಾವೆಲ್ಲ ಪದ್ಯ ಬರೆದರೆ ಪತ್ರಿಕೆಗೆ ಕಳಿಸಿ, ವಾಪಸು ಬರುವುದನ್ನು ಕಾಯುತ್ತೇವೆ. ಅವನು ಮಕ್ಕಳ ಬಾಯಿಗೆ ಹಾಕಿ, ಅದು ಊರು ಬಿಟ್ಟು ಹೋಗುವುದನ್ನು ಕಾಯುತ್ತಿದ್ದ. ಬೇಸಿಗೆ ರಜಕ್ಕೆ ಅಜ್ಜಿಯ ಮನೆಗೆ ಹೋಗುವ ಮಕ್ಕಳು, ಹೇಮಗಿರಿಯ ದನಗಳ ಜಾತ್ರೆಗೆ ಅಪ್ಪನ ಹಿಂದೆ ಹೋಗುವ ಮಕ್ಕಳು, ಮದುವೆಯ ದಿಬ್ಬಣದ ಲಾರಿಯಲ್ಲಿ ತುಂಬಿಕೊಂಡ ಮಕ್ಕಳು, ಇವರೇ ಅವನ ಪ್ರಕಾಶಕರು. ಪಾಂಡವಪುರದಲ್ಲಿ ಬಿಟ್ಟ ಹಾಡು ತಾನಾಗಿ ನಡೆದು ದೇವಲಾಪುರ ಮುಟ್ಟಿದರೆ ಪಾಸು. ದಾರಿಯಲ್ಲಿ ಸತ್ತರೆ ಫೇಲು. ನಾನು ದೇವಲಾಪುರದ ತಪಾಸಣಾಧಿಕಾರಿ. ನಮ್ಮ ಮನೆಯ ಎದುರಿಗೇ ಪ್ರೈಮರಿ ಸ್ಕೂಲಿನ ಬಯಲಿದ್ದದ್ದರಿಂದ ಜಗಲಿಯಲ್ಲಿ ಕೂತೇ ಕೆಲಸ ನಡೆಯುತ್ತಿತ್ತು.

ಕೆ.ಆರ್. ಪೇಟೆಯ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಸಿಕ್ಕಾಗ ನಮ್ಮ ಸಂಭಾಷಣೆ ಇಬ್ಬರು ಕಳ್ಳಸಾಗಣೆದಾರರ ಮಾತಿನಂತೆ ಇರುತ್ತಿತ್ತು.

'ಮಳೆ ಪದ ಬಂತೇನ್ಲಾ?'

'ಬರ್ಲಿಲ್ಲ.'

'ಕಿಕ್ಕೇರೀಲೇ ಸತ್ತೋಯ್ತು ಅನ್ಸುತ್ತೆ. ಓಗ್ಲಿ ಬುಡು, ಅದ್ರಲ್ಲಿ ವಸಿ ನೀತಿ ಜಾಸ್ತಿಯಾಗಿತ್ತು. ಕೋಳಿ?'

'ಬಂತು. ಆದ್ರೆ ಟೋಪಿ ಹೋಗ್ಬಿಟ್ಟಿದೆಯಪ್ಪ. ನಮ್ಮ ಮಕ್ಕಳು "ಅಜ್ಜನ ಪೇಟ ಒಳಗಮ್ಮ" ಅಂತಾವೆ.'

ಮಾಯಿಗೌಡ ಕಾಫಿಯ ಲೋಟ ಕೆಳಗಿಟ್ಟು ಗಂಭೀರವಾಗಿ ಪರಿಶೀಲಿಸಿದ. 'ಪೇಟನಾ? ವಾಸಿ ಕಣ್ಲಾ. ಪೇಟದಲ್ಲಾದ್ರೆ ಮೊಟ್ಟೆ ಉರುಳೋಗಕ್ಕಿಲ್ಲ.'

ನನ್ನ ಪದ್ಯದಲ್ಲಿ ಒಂದು ಅರ್ಧವಿರಾಮ ಬಿಟ್ಟದ್ದಕ್ಕೆ ನಾನು ಒಬ್ಬ ಸಂಪಾದಕನೊಂದಿಗೆ ಮಾತು ಬಿಟ್ಟವನು. ಇವನ ಪದ್ಯವನ್ನು ಮೂಗು ಸೋರುವ ಮಕ್ಕಳು ತಿದ್ದುತ್ತಿದ್ದರು. ಇವನು ಒಪ್ಪಿಗೆ ಸೂಚಿಸುತ್ತಿದ್ದ. ಹೆಸರಿನ ಹಂಬಲ ಅವನಿಗಿರಲಿಲ್ಲ. ಹಾಗೆಂದು ನಾವಿಬ್ಬರೂ ನಂಬಿದ್ದೆವು, ಅವನ ಮೊಮ್ಮಗಳು ಚೈತ್ರ ಮಾತು ಕಲಿಯುವವರೆಗೆ.

ಚೈತ್ರ ಅವನ ಮಗಳ ಮಗಳು. ಶ್ರೀರಂಗಪಟ್ಟಣದಲ್ಲಿ ಕಾನ್ವೆಂಟಿಗೆ ಹೋಗುತ್ತಿದ್ದ ಹುಡುಗಿ. ಕಾನ್ವೆಂಟು ಎಂದರೆ ಹೆಚ್ಚೇನಿಲ್ಲ, ಮೇಷ್ಟ್ರಿಗೆ ಸರ್ ಎನ್ನುವುದು, ಮಕ್ಕಳಿಗೆ ಟೈ ಕಟ್ಟುವುದು. ಒಂದು ದಸರಾ ರಜಕ್ಕೆ ತಾತನ ಊರಿಗೆ ಬಂದವಳು ಅಂಗಳದಲ್ಲಿ ಕುಂಟ ಕೋಳಿ ಎಣಿಸುತ್ತಿದ್ದಳಂತೆ. ಮಾಯಿಗೌಡ ಮೀಸೆಯಡಿ ನಗುತ್ತಾ, 'ಅದ ಕಟ್ದೋನು ನಾನೇ ಕಣವ್ವ' ಎಂದನಂತೆ. ಅವಳು ಎಣಿಕೆ ನಿಲ್ಲಿಸಿ ಅವನನ್ನು ಮೇಲಿಂದ ಕೆಳಕ್ಕೆ ನೋಡಿದಳಂತೆ.

'ತಾತ, ಸುಳ್ಳ್ ಹೇಳ್ಬಾರ್ದು. ಅದು ಮೊದ್ಲಿಂದ್ಲೂ ಇರೋ ಹಾಡು.'

'ಇಲ್ಲ ಕಣವ್ವ, ನಾನೇಯ.'

'ಹಂಗಾದ್ರೆ ಬುಕ್ಕಲ್ಲಿ ನಿನ್ನ ಹೆಸರು ತೋರ್ಸು.'

ಕವಿಗೋಷ್ಠಿಯ ಹಿರಿಯರು ಬೆನ್ನು ತಟ್ಟಿ ತಟ್ಟಿ ಮಾಡಲಾಗದ್ದನ್ನು ಈ ಒಂದು ಮಾತು ಮಾಡಿತು. ಮಾಯಿಗೌಡ ಮುಂದಿನ ಬಸ್ಸಿಗೇ ದೇವಲಾಪುರಕ್ಕೆ ಬಂದ. ಜಗಲಿಯ ಮೇಲೆ ಕೂತು ಬಹಳ ಹೊತ್ತು ಟವೆಲಿನ ಅಂಚು ಹಿಂಡಿದ.

'ಸುಬ್ಬಣ್ಣ, ನಂಗೊಂದ್ ಬುಕ್ಕು ಬೇಕು ಕಣ್ಲಾ. ಊರೆಲ್ಲ ಓದ್ಲಿ ಅಂತ ಅಲ್ಲ. ಆ ಮಗೀಗೆ ತೋರ್ಸಕ್ಕೆ. ನನ್ನ ಸುಳ್ಳ ಅಂದ್ಬುಟ್ಲು.'

ಆ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ 'ನುಡಿತೋರಣ ಬಳಗ' ಎಂಬ ಒಂದು ಸಂಘವಿತ್ತು. ಅದರ ಅಧ್ಯಕ್ಷರು ರೈಸ್ ಮಿಲ್ಲಿನ ಮಾಲೀಕರು. ಸಾಹಿತ್ಯದ ಬಗ್ಗೆ ಅವರಿಗಿದ್ದ ಗೌರವ ಎಂಥದೆಂದರೆ ಅದನ್ನು ಓದಿ ಮಲಿನಗೊಳಿಸುವ ಸಾಹಸಕ್ಕೆ ಅವರು ಎಂದೂ ಕೈಹಾಕಿರಲಿಲ್ಲ. ಬಳಗ ವರ್ಷಕ್ಕೊಂದು ಪುಸ್ತಕ ಅಚ್ಚು ಹಾಕುತ್ತಿತ್ತು. ಮಾಯಿಗೌಡ ತನ್ನ ಹಾಡುಗಳನ್ನೆಲ್ಲ ದುಂಡಗೆ ಬರೆದು, ಗೆರೆ ಎಳೆದು, ಮೊದಲ ಪುಟದಲ್ಲಿ ಒಂದು ಕೋಳಿಯ ಚಿತ್ರ ಬಿಡಿಸಿ, ಅವರಿಗೆ ಒಪ್ಪಿಸಿದ. ಬಳಗದವರು ಅದನ್ನು ಪರಿಶೀಲನೆಗೆಂದು ಡಾಕ್ಟರ್ ಶೇಷಗಿರಿಯವರಿಗೆ ಕೊಟ್ಟರು. ಇವರು ಜಾನಪದದ ಡಾಕ್ಟರು. ಹಳ್ಳಿ ಹಳ್ಳಿ ಸುತ್ತಿ, ಟೇಪ್ ರೆಕಾರ್ಡರು ಹಿಡಿದು, ಮುದುಕಿಯರಿಂದ ಹಾಡು ಹಿಂಡಿ ತೆಗೆಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

ಸ್ವಲ್ಪ ದಿನಕ್ಕೆ ಕರೆ ಬಂತು. ಶ್ರೀರಂಗಪಟ್ಟಣದ ಒಂದು ಛತ್ರದ ಮಹಡಿಯಲ್ಲಿ ಸಭೆ. ನನ್ನನ್ನು ಮಾಯಿಗೌಡ ಬಲವಂತವಾಗಿ ಎಳೆದುಕೊಂಡು ಹೋದ. ಪುಟ್ಟತಾಯಮ್ಮನವರು ಹೇಗೂ ಮಗಳ ಮನೆಗೆ ಬಂದಿದ್ದವರು, 'ನಾನೂ ಬತ್ತೀನಿ, ಅದೇನ್ ಅಂತಾರೋ ನೋಡುವಾ' ಎಂದು ಹೊಸ ಸೀರೆಯುಟ್ಟು ಹೊರಟರು.

ಡಾಕ್ಟರರು ಕನ್ನಡಕ ಒರೆಸಿಕೊಂಡು ಶುರುಮಾಡಿದರು. ನೋವಿನಿಂದಲೇ ಮಾತಾಡಿದರು ಎನ್ನಬೇಕು.

'ಮಾಯಿಗೌಡರೇ, ತಮ್ಮ ಉತ್ಸಾಹ ದೊಡ್ಡದು. ಆದರೆ ಇವೆಲ್ಲ ಪರಂಪರಾಗತ ಜನಪದ ಶಿಶುಗೀತೆಗಳು. ತಮ್ಮ ಹೆಸರಿನಲ್ಲಿ ಅಚ್ಚು ಹಾಕಿದರೆ ನಾಳೆ ಬಳಗದ ಮೇಲೆ ಕೃತಿಚೌರ್ಯದ ಅಪವಾದ ಬರುತ್ತದೆ.'

'ಸಾಮಿ, ಇವು ನಾನ್ ಕಟ್ಟಿರವು.'

ಡಾಕ್ಟರರು ಕರುಣೆಯಿಂದ ನಕ್ಕು, ಚೀಲದಿಂದ ತಮ್ಮದೇ ಒಂದು ಪುಸ್ತಕ ತೆಗೆದರು. ಅದರಲ್ಲಿ ನಮ್ಮ ಕೆಂಪಮ್ಮ ಪುಟದ ತುಂಬ ಕೂತಿದ್ದಳು. ಟೋಪಿ ಇರಲಿಲ್ಲ, ಅಜ್ಜನ ಪೇಟವಿತ್ತು. ಹಾಡಿದವರು: ಗೌರಮ್ಮಜ್ಜಿ, ದೇವಲಾಪುರ. ಗೌರಮ್ಮಜ್ಜಿ ನಮ್ಮ ಹಿಂದಿನ ಬೀದಿಯವರು. ಅವರು ಈ ಹಾಡನ್ನು ಕಲಿತದ್ದು ನಾಲ್ಕನೇ ಕ್ಲಾಸಿನ ಮೊಮ್ಮಗಳಿಂದ, ರಾಗಿ ಬೀಸುವಾಗ ಬೇಜಾರು ಕಳೆಯಲು. ಡಾಕ್ಟರರು ಟೇಪು ಹಿಡಿದು 'ಎಷ್ಟು ಹಳೇದಜ್ಜಿ?' ಎಂದು ಕೇಳಿರಬೇಕು. ಅಜ್ಜಿ, 'ನಮ್ಮಟ್ಟೀಲಿ ಮಕ್ಳು ಯಾವಾಗ್ಲೂ ಏಳ್ತಾನೇ ಇರ್ತಾವೆ ಕಣಪ್ಪ' ಎಂದಿರಬೇಕು. ಅಷ್ಟು ಸಾಕಾಯಿತು.

ಕೆಳಗೆ ಟಿಪ್ಪಣಿ. ಕೆಂಪಮ್ಮ ಗ್ರಾಮದೇವತೆ. ಸೊಟ್ಟ ಕಾಲು ಪತನಗೊಂಡ ಸಾಮ್ರಾಜ್ಯ. ಪೇಟ ಪಾಳೇಗಾರನದು. ಮೊಟ್ಟೆ ಬ್ರಹ್ಮಾಂಡ. ಮಾಯಿಗೌಡ ಅದನ್ನು ಪೂರ್ತಿ ಓದಿ, 'ಅಬ್ಬಾ, ಇಷ್ಟೆಲ್ಲ ಐತಾ ಇದ್ರಲ್ಲಿ!' ಎಂದು ಮನಸಾರೆ ಬೆರಗಾದ. ಅವನು ಅಲ್ಲೇ ಸೋತ ಎಂದು ನನಗೆ ಗೊತ್ತಾಯಿತು.

ನಾನು ಎದ್ದು ನಿಂತೆ. ನಾನೂ ಒಬ್ಬ ಕವಿ ಎಂಬುದನ್ನು ಸಭೆಯ ಗಮನಕ್ಕೆ ತಂದು, ಗೌರಮ್ಮಜ್ಜಿಯ ಮೊಮ್ಮಗಳ ವಿಚಾರವನ್ನು ವಿವರವಾಗಿ ಹೇಳಿದೆ. ಡಾಕ್ಟರರು ತಾಳ್ಮೆಯಿಂದ ಕೇಳಿ, 'ಮೊಮ್ಮಗಳು ಅಜ್ಜಿಯಿಂದ ಕಲಿತಿರುತ್ತಾಳೆ. ಅಜ್ಜಿ ಮೊಮ್ಮಗಳಿಂದ ಕಲಿಯುವುದು ಶಾಸ್ತ್ರದಲ್ಲಿ ಇಲ್ಲ,' ಎಂದರು. ಶಾಸ್ತ್ರದಲ್ಲಿ ಇಲ್ಲದ್ದನ್ನು ನಾನು ಹೇಗೆ ತರಲಿ? ಕೂತೆ.

ಆಗ ಹಿಂದಿನ ಬೆಂಚಿನಿಂದ ಪುಟ್ಟತಾಯಮ್ಮನವರ ಧ್ವನಿ ಬಂತು.

'ಅಪ್ಪಾ, ಆ ಕೋಳಿ ನಮ್ದು ಕಣಪ್ಪ.'

ಡಾಕ್ಟರರು ಹಿಗ್ಗಿದರು. 'ಬಹಳ ಸಂತೋಷ ತಾಯಿ. ಎಲ್ಲ ಊರಿನವರೂ ಹಾಗೇ ಹೇಳುತ್ತಾರೆ. ಜನಪದದ ಲಕ್ಷಣವೇ ಅದು.'

'ಅದೇನೋ ನಂಗೊತ್ತಿಲ್ಲ. ಅದ ಕೊಯ್ದೋಳು ನಾನು. ಸಾರ್ ಮಾಡ್ದೋಳು ನಾನು. ಇವ್ರು ಅತ್ಕೊಂಡು ಅತ್ಕೊಂಡು ಎಲ್ಡ್ ಸಲ ಬಡಿಸ್ಕೊಂಡ್ರು.'

'ಬಲಿ!' ಎಂದು ಡಾಕ್ಟರರು ಕುರ್ಚಿಯಿಂದ ಅರ್ಧ ಎದ್ದರು. ಟೇಪ್ ರೆಕಾರ್ಡರು ಮೇಜಿನ ಮೇಲೆ ಬಂತು. ಕೆಂಪು ದೀಪ ಹತ್ತಿತು. 'ತಾಯಿ, ಇನ್ನೊಮ್ಮೆ ಹೇಳಿ. ಬಲಿ ಕೊಡುವಾಗ ತಾವು ಏನಾದರೂ ಹಾಡುತ್ತಿದ್ದಿರಾ?'

'ಆಡೋದಾ? "ಬೆಳ್ಳುಳ್ಳಿ ಎಲ್ಲಿಟ್ಟಿದ್ದೀಯೇ?" ಅಂತ ಮಗಳ್ನ ಕೂಗ್ತಿದ್ದೆ.'

'ಬೆಳ್ಳುಳ್ಳಿ,' ಎಂದು ಡಾಕ್ಟರರು ಬರೆದುಕೊಂಡರು. 'ಮತ್ತೆ ಯಾವ ಯಾವ ದ್ರವ್ಯ?'

ಪುಟ್ಟತಾಯಮ್ಮನವರು ಅಡುಗೆಯ ವಿಷಯ ಕೇಳಿದರೆ ಅರ್ಧಕ್ಕೆ ನಿಲ್ಲಿಸುವವರಲ್ಲ. ಶುಂಠಿ, ಚಕ್ಕೆ, ಲವಂಗ, ಗಸಗಸೆ, ಕೊಬ್ಬರಿ ಎಲ್ಲವೂ ಟೇಪಿಗೆ ಸೇರಿದವು. ಗಂಡನ ಪರ ಸಾಕ್ಷಿ ಹೇಳಲು ಬಂದವರು ಅರ್ಧ ಗಂಟೆಯಲ್ಲಿ ಡಾಕ್ಟರರ ಎರಡನೆಯ ಮುದ್ರಣಕ್ಕೆ ಅನುಬಂಧವಾಗಿ ಪರಿವರ್ತನೆ ಹೊಂದಿದರು. ಮಾಯಿಗೌಡ ಕಿಟಕಿಯಾಚೆ ನೋಡುತ್ತಿದ್ದ.

ಅಧ್ಯಕ್ಷರಿಗೆ ಊಟದ ಹೊತ್ತಾಗಿತ್ತು. 'ಗೌಡ್ರೇ, ಯಾಕೆ ತಕರಾರು?' ಎಂದರು. '"ಸಂಗ್ರಹ: ಮಾಯಿಗೌಡ" ಅಂತ ಹಾಕ್ಬುಡಾಣ. ಎಸ್ರು ಎಸ್ರೇ ಅಲ್ವಾ? ಮುಂದಿನ ತಿಂಗ್ಳೇ ಅಚ್ಚಿಗೆ ಕೊಡ್ತೀವಿ.'

ಸಭೆ ಅವನ ಕಡೆ ನೋಡಿತು. ನಾನು ಮೊಣಕೈಯಿಂದ ತಿವಿದೆ. ಅದು ಕೆಟ್ಟ ಸಂಧಾನವೇನಲ್ಲ; ನನಗೆ ಯಾರಾದರೂ 'ಸಂಗ್ರಹ: ಸುಬ್ಬಣ್ಣ' ಎಂದು ಅಚ್ಚು ಹಾಕುವುದಾದರೆ ನನ್ನ ಒಂಟಿ ಕಂಬವನ್ನೂ ಜನಪದಕ್ಕೆ ಬಿಟ್ಟುಕೊಡಲು ಸಿದ್ಧನಿದ್ದೆ. ಮಾಯಿಗೌಡ ತನ್ನ ಹಾಳೆಗಳನ್ನು ಮೇಜಿನಿಂದ ತೆಗೆದು ಒಂದರ ಮೇಲೊಂದು ಜೋಡಿಸಿದ.

'ಬ್ಯಾಡಿ ಸಾಮಿ. ಆ ಮಗಾ "ಸಂಗ್ರಹ ಅಂದ್ರೇನು ತಾತ" ಅಂತ ಕೇಳ್ತದೆ. "ಬೇರೇರ್ದ ಆರಿಸ್ಕಂಡ್ ಬರೋದು" ಅಂತ ಏಳ್ಬೇಕಾಯ್ತದೆ. ಆಗ ನಾನು ಸುಳ್ಳ ಮಾತ್ರ ಅಲ್ಲ, ಕಳ್ಳನೂವೆ ಆಯ್ತೀನಿ.'

ಕೆಳಗಿಳಿದು ಬಂದೆವು. ಬಸ್ಸಿಗೆ ಕಾಯುವಾಗ ಪುಟ್ಟತಾಯಮ್ಮನವರು, 'ಧನಿಯಾ ಏಳೋದೇ ಮರ್ತ್ ಓಯ್ತು' ಎಂದು ಪೇಚಾಡಿದರು.

ಬಸ್ಸಿನಲ್ಲಿ ನನಗೊಂದು ಯೋಚನೆ ಹೊಳೆಯಿತು. ನನ್ನ ಯೋಚನೆಗಳ ಬಗ್ಗೆ ಮೊದಲೇ ಎಚ್ಚರಿಸಿದ್ದೇನೆ. 'ಮಾಯಿ, ಹಿಂದಿನವರು ಏನ್ಮಾಡ್ತಿದ್ರು? ಪದದ ಕೊನೇಲಿ ಅಂಕಿತ ಹಾಕ್ತಿದ್ರು. ಅಂಕಿತ ಇದ್ದದ್ದಕ್ಕೆ ಇವತ್ತಿಗೂ ಯಾರು ಯಾವುದನ್ನ ಬರೆದ್ರು ಅಂತ ಗೊತ್ತು. ನೀನೂ ಹಾಕು. ಹೆಸರನ್ನ ಪುಸ್ತಕದಲ್ಲಿ ಯಾಕಿಡ್ತೀಯ, ಪದದೊಳಗೇ ಹೊಲಿದುಬಿಡು.' ಹೀಗೆಂದು ಸುಮಾರು ಪಾಂಡವಪುರದವರೆಗೆ ಉಪನ್ಯಾಸ ಮಾಡಿದೆ. ಮುಂದಿನ ಸೀಟಿನವನು ಎದ್ದು ಬೇರೆ ಕಡೆ ಹೋಗಿ ಕೂತ.

ಮಾಯಿಗೌಡನಿಗೆ ಅದು ಹಿಡಿಸಿತು. ಮಾರನೆಯ ವಾರ ಕುಂಟ ಕೋಳಿಗೆ ಬಾಲ ಬಂತು:

ಪದ ಕಟ್ಟಿದ್ದ್ಯಾರಮ್ಮ?
ಮಾಯಿಗೌಡ್ರು ಕಣಮ್ಮ!

ಅವನ ಸ್ಕೂಲಿನ ಮಕ್ಕಳು ಒಂದೇ ದಿನಕ್ಕೆ ಕಲಿತರು. ತಮ್ಮ ಮೇಷ್ಟ್ರ ಹೆಸರನ್ನು ಗಟ್ಟಿಯಾಗಿ ಕೂಗಲು ಸಿಕ್ಕಿದ ಅವಕಾಶವನ್ನು ಯಾವ ಮಗು ಬಿಟ್ಟೀತು? ಬಾಲ ಕಟ್ಟಿಕೊಂಡ ಕೋಳಿಯನ್ನು ಬೇಸಿಗೆ ರಜಕ್ಕೆ ಸರಿಯಾಗಿ ಊರಾಚೆ ಬಿಡಲಾಯಿತು. ದೇವಲಾಪುರದವರೆಗೆ ತನ್ನ ಹೆಸರು ನಡೆದು ಹೋದರೆ, ಚೈತ್ರಳನ್ನು ಕರೆದುಕೊಂಡು ಬಂದು, ತಾತನ ಮುಖ ನೋಡಿಯೇ ಇಲ್ಲದ ಮಕ್ಕಳ ಬಾಯಿಂದ ಅದನ್ನು ಕೇಳಿಸುವುದು. ಆಗ ಬುಕ್ಕು ಬೇಡ. ಇದು ಅವನ ಯೋಜನೆ. ನಾನು ಜಗಲಿಯ ಮೇಲೆ ಎರಡೂ ಕಿವಿ ಹಾಸಿ ಕೂತೆ.

ರಜ ಮುಗಿಯುತ್ತಾ ಬಂದಾಗ ಒಂದು ಸಂಜೆ ಎದುರಿನ ಬಯಲಿನಲ್ಲಿ ಮಕ್ಕಳು ದುಂಡಗೆ ನಿಂತು ಎಣಿಸುತ್ತಿದ್ದವು. 'ಓಡಮ್ಮ, ನೀ ಓಡಮ್ಮ' ಆದ ಮೇಲೂ ಎಣಿಕೆ ನಿಲ್ಲಲಿಲ್ಲ. 'ಪದ ಕಟ್ಟಿದ್ದ್ಯಾರಮ್ಮ?' ಎಂದು ಸ್ಪಷ್ಟವಾಗಿ ಕೇಳಿತು. ಅಷ್ಟರಲ್ಲಿ ನಾಗಮಂಗಲದ ಬಸ್ಸು ಹಾರನ್ನು ಬಾರಿಸುತ್ತಾ ನಡುವೆ ಹಾದುಹೋಯಿತು. ಉತ್ತರ ನನಗೆ ಕೇಳಿಸಲಿಲ್ಲ. ಕೇಳುವ ಅಗತ್ಯವೇನಿತ್ತು? ಉತ್ತರ ಗೊತ್ತಿರುವ ಪ್ರಶ್ನೆ. ಮೇಷ್ಟ್ರುಗಳಾದ ನಾವು ಕೇಳುವುದೇ ಅಂಥ ಪ್ರಶ್ನೆಗಳನ್ನು. ಹಿಗ್ಗಿನಿಂದ ಮಾಯಿಗೌಡನಿಗೆ ಹೇಳಿ ಕಳಿಸಿದೆ: ಬಾಲ ಬಂದಿದೆ, ಮೊಮ್ಮಗಳ ಜೊತೆ ಹೊರಟು ಬಾ.

ಬಂದ. ಇಸ್ತ್ರಿ ಮಾಡಿದ ಅಂಗಿ, ಹೊಸ ಟವೆಲು. ಚೈತ್ರ ಎರಡು ಜಡೆಗೆ ಎರಡು ಬಣ್ಣದ ಟೇಪು ಕಟ್ಟಿಕೊಂಡು, ಸುಳ್ಳುಗಾರನ ಜೊತೆ ಪ್ರಯಾಣ ಮಾಡುವವರ ಗಾಂಭೀರ್ಯದಲ್ಲಿ ಬಂದಳು. ನನ್ನಾಕೆ ಚಕ್ಕುಲಿ ತಂದಿಟ್ಟಳು. ಸಂಜೆ ಬಿಸಿಲು ಇಳಿಯಿತು. ಬಯಲಿಗೆ ಮಕ್ಕಳು ಬಂದವು, ದುಂಡಗೆ ನಿಂತವು. ಮಾಯಿಗೌಡ ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟು, 'ಈಗ ಕೇಳವ್ವ' ಎಂದ.

ಕೆಂಪಮ್ಮ ಬಂದಳು. ಸೊಟ್ಟ ಕಾಲು ಬಂತು. ಪೇಟ ಬಂತು. ಹೊಸತೊಡಕು ಬಂತು.

'ಪದ ಕಟ್ಟಿದ್ದ್ಯಾರಮ್ಮ?
ಸುಬ್ಬಣ್ಣೋರು ಕಣಮ್ಮ!'

ಇವತ್ತಿಗೂ ಆ ಕ್ಷಣ ನೆನೆದರೆ ನನ್ನ ಕಿವಿ ಬಿಸಿಯಾಗುತ್ತದೆ. ಮಾಯಿಗೌಡ ಯಾರೆಂದು ದೇವಲಾಪುರದ ಮಕ್ಕಳಿಗೇನು ಗೊತ್ತು? ಎದುರು ಮನೆಯ ಜಗಲಿಯಲ್ಲಿ ಸದಾ ಕೂತಿರುವ ಮೇಷ್ಟ್ರು ಗೊತ್ತು. ಟೋಪಿ ತೆಗೆದು ಪೇಟ ಇಟ್ಟ ಹಾಗೆ ಅವನನ್ನು ತೆಗೆದು ನನ್ನನ್ನು ಇಟ್ಟುಕೊಂಡಿದ್ದವು. ಆಮೇಲೆ ವಿಚಾರಿಸಿದಾಗ ತಿಳಿಯಿತು, ಕೆ.ಆರ್. ಪೇಟೆಯಲ್ಲಿ ಆ ಜಾಗದಲ್ಲಿ ಯಾರೋ ಡ್ರಿಲ್ ಮೇಷ್ಟ್ರಿದ್ದರಂತೆ, ಒಂದು ಊರಿನಲ್ಲಿ ಕಾಂಪೌಂಡರು. ನಾಲ್ಕು ತಾಲ್ಲೂಕಿನಲ್ಲಿ ಆ ಹಾಡಿಗೆ ಕವಿಗಳೇ ಕವಿಗಳು.

ಚೈತ್ರ ಬಾಯಿ ತೆರೆದು ನನ್ನನ್ನು ನೋಡಿದಳು. 'ತಾತ! ಇವ್ರಾ ಕಟ್ಟಿದ್ದು?'

ನಾನು 'ಇಲ್ಲಮ್ಮ' ಎನ್ನಲು ಬಾಯಿ ತೆರೆದೆ. ಮಾಯಿಗೌಡ ಜಗಲಿಯ ಕೆಳಗೆ ನನ್ನ ಪಾದವನ್ನು ತನ್ನ ಚಪ್ಪಲಿಯಿಂದ ಒತ್ತಿದ.

'ಮಕ್ಳು ಅಂಗಂತಾವೆ ಕಣವ್ವ. ಓಗು, ನೀನೂ ಆಡ್ಕೊ ಓಗು.'

ಅವಳು ಓಡಿದಳು. ಚಕ್ಕುಲಿ ಮುರಿಯುವ ಸದ್ದು ಕೂಡ ಅಸಭ್ಯವೆನ್ನಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಅವನೇ, 'ಓಗ್ಲಿ ಬುಡ್ಲಾ. ನಿನ್ ಕಂಬ ಯಾರೂ ಓದ್ನಿಲ್ಲ. ನಿನ್ನೆಸ್ರು ಇಲ್ಲಾದ್ರೂ ಇರ್ಲಿ,' ಎಂದ. ಇಷ್ಟು ವರ್ಷದ ಸ್ನೇಹದಲ್ಲಿ ಅವನು ನನ್ನ ಕಾವ್ಯದ ಬಗ್ಗೆ ಆಡಿದ ಏಕೈಕ ವಿಮರ್ಶೆ ಅದು.

ಬಯಲಿನಲ್ಲಿ ಎಣಿಸುವ ಸರದಿ ಚೈತ್ರಳಿಗೆ ಬಂತು. ಕಾನ್ವೆಂಟಿನ ಧ್ವನಿ ಎಲ್ಲರ ಮೇಲೆ ಎದ್ದು ಕೇಳುತ್ತಿತ್ತು. ಒಬ್ಬೊಬ್ಬರ ಎದೆಗೂ ಬೆರಳಿಡುತ್ತಾ ಕೊನೆಗೆ ಬಂದಳು.

'ಪದ ಕಟ್ಟಿದ್ದ್ಯಾರಮ್ಮ?
ನಮ್ಮ ತಾತ ಕಣಮ್ಮ!'

'ಅಂಗಲ್ಲ ಕಣೇ, ಸುಬ್ಬಣ್ಣೋರು!' ಎಂದು ನಮ್ಮೂರಿನ ಒಂದು ಹುಡುಗಿ ಕೂಗಿದಳು.

'ನಮ್ಮ ತಾತ!'

'ಸುಳ್ಳಿ! ಸುಳ್ಳಿ!'

'ನಾನ್ ಸುಳ್ಳಿ ಅಲ್ಲ! ನಮ್ಮ ತಾತನೇ ಕಟ್ಟಿದ್ದು! ಬೇಕಾದ್ರೆ ಕೇಳು ಹೋಗು, ಅಲ್ಲೇ ಕೂತಿದಾರೆ!'

ಅವಳಿಗೆ ಅದು ನಿಜವೆಂದು ಗೊತ್ತಿತ್ತೇ? ಖಂಡಿತ ಇಲ್ಲ. ಪರವೂರಿನ ಬಯಲಿನಲ್ಲಿ ಒಬ್ಬಳೇ ಸಿಕ್ಕಿಕೊಂಡ ಹುಡುಗಿ ತನ್ನ ಕಡೆಯವರ ಹೆಸರು ಹೇಳಿದಳು, ಅಷ್ಟೆ. ಆದರೆ ಒಮ್ಮೆ ಜಗಳಕ್ಕೆ ನಿಂತ ಮೇಲೆ ಮನುಷ್ಯರು ತಮ್ಮ ಮಾತನ್ನು ತಾವೇ ನಂಬಿಬಿಡುತ್ತಾರೆ; ಶೇಷಗಿರಿಯವರನ್ನೇ ನೋಡಿ. ಮಕ್ಕಳೆಲ್ಲ ಒಟ್ಟಿಗೆ ತಿರುಗಿ ಜಗಲಿಯತ್ತ ನೋಡಿದವು. ಮಾಯಿಗೌಡ ಟವೆಲು ಸರಿಮಾಡಿಕೊಂಡು, ಫೋಟೋಗೆ ಕೂತವನಂತೆ ಬೆನ್ನು ನೆಟ್ಟಗೆ ಮಾಡಿದ. ಕೇಳಲು ಯಾರೂ ಬರಲಿಲ್ಲ. ಆಟ ಮುಂದುವರಿಯಿತು. ಅವನು ಮಾತ್ರ ಕತ್ತಲಾಗುವವರೆಗೆ ಹಾಗೇ ಕೂತಿದ್ದ.

ಡಾಕ್ಟರರ ಎರಡನೆಯ ಮುದ್ರಣ ಬರುವ ಹೊತ್ತಿಗೆ ಚೈತ್ರ ದಪ್ಪ ಪುಸ್ತಕಗಳನ್ನು ತಡವರಿಸದೆ ಓದುವಷ್ಟು ದೊಡ್ಡವಳಾಗಿದ್ದಳು. ಒಂದು ಪ್ರತಿಯನ್ನು ನಾನೇ ಪಾಂಡವಪುರಕ್ಕೆ ಒಯ್ದಿದ್ದೆ. ಅವಳು ತಾತನ ಪಕ್ಕ ಕೂತು ಗಟ್ಟಿಯಾಗಿ ಓದಿದಳು. ಹೊಸ ಮುದ್ರಣದಲ್ಲಿ ಬಾಲವೂ ಸೇರಿತ್ತು. 'ಕಟ್ಟಿದವರ ಹೆಸರು ಊರಿಂದೂರಿಗೆ ಬದಲಾಗುವುದು ಈ ಗೀತೆಗೆ ಕರ್ತೃವೇ ಇಲ್ಲವೆಂಬುದನ್ನು ನಿರ್ವಿವಾದವಾಗಿ ಸ್ಥಾಪಿಸುತ್ತದೆ. "ನಮ್ಮ ತಾತ" ಎಂದು ಶ್ರೀರಂಗಪಟ್ಟಣದ ಮಕ್ಕಳಲ್ಲಿ ದೊರೆತ ಅಪರೂಪದ ಪಾಠಾಂತರ ಪ್ರಾಚೀನ ಪಿತೃಪೂಜೆಯ ಕುರುಹು.' ಅನುಬಂಧದಲ್ಲಿ ಬಲಿದ್ರವ್ಯಗಳ ವಿವರವಿತ್ತು. ಧನಿಯಾ ಇರಲಿಲ್ಲ.

ಚೈತ್ರ ಪುಸ್ತಕ ಮುಚ್ಚಿ ನನ್ನ ಕೈಗೆ ವಾಪಸು ಕೊಟ್ಟಳು.

'ಇವ್ರಿಗೇನೂ ಗೊತ್ತಿಲ್ಲ ತಾತ. ಬುಕ್ಕಲ್ಲಿ ಬರ್ದ್ಬಿಟ್ರೆ ಆಗೋಯ್ತಾ? ಇದು ನಿಂದೇ ಅಲ್ವಾ!'

ಮಾಯಿಗೌಡ ಒಳಗಿನ ಕಡೆ ತಿರುಗಿದ.

'ಲೇ, ಕೇಳುಸ್ಕಂಡ್ಯಾ? ಪದ ನಂದಂತೆ.'

'ಕೇಳುಸ್ತು,' ಎಂದರು ಪುಟ್ಟತಾಯಮ್ಮನವರು ಒಲೆಯ ಮುಂದಿನಿಂದ. 'ಕೋಳಿ ಮಾತ್ರ ನಂದು.'